ಕಂಕನಾಡಿಯ ಬಡವರ ವೈದ್ಯ ಫಾದರ್ ಮುಲ್ಲರ್

ಬಂದರು ನಗರಿ ಮಂಗಳೂರಿಗೆ 1878ರ ಅಂತ್ಯದಲ್ಲಿ ಬಂದಿಳಿದ ಯೇಸು ಸಭೆಯ ಪಾದ್ರಿಗಳಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಒಬ್ಬರು. 1841ರಲ್ಲಿ ವೆಸ್ಟ್‌ಫಾಲಿಯಾದಲ್ಲಿ ಜನಿಸಿದ ಅವರು ಪಾಠ ಹೇಳಲು ಬಂದವರು. ಜನಮನದಲ್ಲಿ ಉಳಿದದ್ದು ಮಾತ್ರ ವೈದ್ಯರಾಗಿ. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪಥಿ ಔಷಧ ನೀಡಲಾರಂಭಿಸಿದರು.

ಕುಷ್ಠರೋಗಿಗಳನ್ನು ಸ್ವಂತ ಮನೆಯವರೇ ಹೊರಹಾಕುತ್ತಿದ್ದ ಕಾಲವದು. ರೋಗ ಗುಣಪಡಿಸುವ ಮದ್ದೂ ಆಗ ಇರಲಿಲ್ಲ. ಅಂಥವರಿಗಾಗಿ ಮುಲ್ಲರ್ 1890ರಲ್ಲಿ ಆಶ್ರಮ ತೆರೆದು ಸೂರು, ಅನ್ನ, ಆರೈಕೆ ಒದಗಿಸಿದರು. ದೇಶದ ನಾನಾ ಊರುಗಳಿಗೆ ಔಷಧ ಮಾರಿ ಬಂದ ಹಣವೇ ಇದಕ್ಕೆ ಆಸರೆಯಾಯಿತು. ಹೋಮಿಯೋಪಥಿಯ ಬಗ್ಗೆ ವೈದ್ಯಲೋಕದಲ್ಲಿ ತಕರಾರು ಇದ್ದೇ ಇದೆ. ಬೀದಿಪಾಲಾದವರಿಗೆ ದೊರೆತ ಸೂರಿನ ಬಗ್ಗೆ ಯಾರ ತಕರಾರೂ ಇರಲಾರದು.

ಮಂಗಳೂರಿಗೆ ಪ್ಲೇಗ್ ಹಬ್ಬಿದಾಗ, 1902ರಲ್ಲಿ, ಅದಕ್ಕೂ ಪ್ರತ್ಯೇಕ ಆಸ್ಪತ್ರೆ ಕಟ್ಟಿದರು. 1910ರ ನವೆಂಬರ್ 1ರಂದು ಅವರು ನಿಧನರಾದರು.