ಬಳ್ಳಿಯಲ್ಲಿ ರಕ್ತಸಂಬಂಧ ಅಳೆದ ಡಾರ್ವಿನ್

ಭಾಲ್ಕಿ: ತಾಲ್ಲೂಕಿನ ಹೊಲಗಳಲ್ಲಿ ಹೆಸರು ಬೆಳೆಯ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ತೊಗರಿಗೆ ಮಾತ್ರ ಜೇನುನೊಣಗಳು ಬೇರೆ ಗಿಡದ ಪರಾಗವನ್ನೂ ತರುತ್ತವೆ. ತೊಗರಿಯ ತಳಿ ಬೇಗ ಬೆರಕೆಯಾಗುವುದು ಇದರಿಂದಲೇ. ಇಂತಹ ವ್ಯತ್ಯಾಸದ ಫಲವನ್ನು ಅಳೆಯಲು 11 ವರ್ಷ ವ್ಯಯಿಸಿದವರು ಚಾರ್ಲ್ಸ್ ಡಾರ್ವಿನ್.

1809ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದ ಅವರು 1839ರಲ್ಲಿ ಸೋದರಮಾವನ ಮಗಳು ಎಮ್ಮಾ ಅವರನ್ನು ವರಿಸಿದರು. ನಮ್ಮಲ್ಲಿ ವಾಡಿಕೆಯಿರುವ ಸೋದರಿಕೆಯೇ ಅದು. ಹತ್ತು ಮಕ್ಕಳಲ್ಲಿ ಮೂವರು ಬಾಲ್ಯದಲ್ಲೇ ತೀರಿಕೊಂಡರು. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ಅಗಲಿದಾಗ ಡಾರ್ವಿನ್ ಕುಸಿದುಹೋದರು. ರಕ್ತಸಂಬಂಧವೇ ಮಕ್ಕಳ ಅನಾರೋಗ್ಯಕ್ಕೆ ಮೂಲವೇ ಎಂಬ ಅಳುಕು ಅವರನ್ನು ಬಿಡದೆ ಕಾಡಿತು.

ಡೌನ್ ಗ್ರಾಮದ ತಮ್ಮ ಮನೆಯಲ್ಲಿ ಅವರು ಮಾರ್ನಿಂಗ್ ಗ್ಲೋರಿ ಬಳ್ಳಿಗೆ ಬಲೆ ಹೊದಿಸಿ, ಕೀಟಗಳನ್ನು ದೂರವಿಟ್ಟು, ಹತ್ತು ತಲೆಮಾರು ಬೆಳೆಸಿದರು. ಪರಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಬಳ್ಳಿಗಳ ಎತ್ತರ 100 ಎಂದಾದರೆ, ಸ್ವಕೀಯದ್ದು ಸರಾಸರಿ 77. ಎತ್ತರಕ್ಕಿಂತಲೂ ಸೋಜಿಗದ್ದು ಬಣ್ಣ. ಸ್ವಕೀಯ ಬಳ್ಳಿಗಳ ಹೂಗಳೆಲ್ಲ ಕ್ರಮೇಣ ಒಂದೇ ಬಣ್ಣಕ್ಕೆ ತಿರುಗಿದವು. ಚೀಟಿ ನೋಡದೆಯೇ ತೋಟದ ಮಾಲಿ ಅವನ್ನು ಗುರುತಿಸುತ್ತಿದ್ದ. ತನ್ನೊಳಗೇ ಕೂಡುವ ಸಂತತಿಯಲ್ಲಿ ವೈವಿಧ್ಯ ಅಳಿಯುತ್ತದೆ ಎಂಬುದಕ್ಕೆ ಅದು ಕಣ್ಣೆದುರಿನ ಸಾಕ್ಷಿ. ಅದರ ಕಾರಣ ತಿಳಿಸಬಲ್ಲ ಮೆಂಡೆಲ್ ಅವರ ಬಟಾಣಿ ಪ್ರಬಂಧ 1866ರಲ್ಲೇ ಅಚ್ಚಾಗಿತ್ತು. ಡಾರ್ವಿನ್ ಅದನ್ನು ಓದಲಿಲ್ಲ.

ಜನಗಣತಿಯಲ್ಲಿ ಸೋದರಿಕೆ ಮದುವೆಯ ಪ್ರಶ್ನೆ ಸೇರಿಸಲು 1870ರಲ್ಲಿ ಅವರು ನಡೆಸಿದ ಯತ್ನಕ್ಕೆ ಬ್ರಿಟಿಷ್ ಸಂಸತ್ತು ಒಪ್ಪಲಿಲ್ಲ. ಪ್ರಯೋಗಗಳ ಗ್ರಂಥ 1876ರಲ್ಲಿ ಹೊರಬಂತು. 1882ರ ಏಪ್ರಿಲ್ 19ರಂದು ಡಾರ್ವಿನ್ ನಿಧನರಾದರು. ಅವರು ಅಷ್ಟು ಆತಂಕಪಟ್ಟಿದ್ದ ಮಕ್ಕಳ ಪೈಕಿ ಜಾರ್ಜ್, ಫ್ರಾನ್ಸಿಸ್ ಮತ್ತು ಹೊರೇಸ್ ಮೂವರೂ ರಾಯಲ್ ಸೊಸೈಟಿಯ ಫೆಲೋಗಳಾಗಿ ಆಯ್ಕೆಯಾದರು.