ನೆಲದ ಮೇಲೊಂದು ಲೋಕ

ಇಂಗ್ಲೆಂಡಿನ ಸಾಹಿತಿ ಹರ್ಬರ್ಟ್ ಜಾರ್ಜ್ ವೆಲ್ಸನ ಹೆಸರನ್ನು ಕೇಳದವರು ವಿರಳ. ಕಾಲಯಂತ್ರವನ್ನೇರಿ ಭವಿಷ್ಯಕ್ಕೆ ಪ್ರಯಾಣ ಮಾಡುವವನ ಕಥೆಯನ್ನೂ, ಮಂಗಳಗ್ರಹದ ಜೀವಿಗಳು ಭೂಮಿಯ ಮೇಲೆ ದಂಡೆತ್ತಿ ಬರುವ ಕಥೆಯನ್ನೂ ಬರೆದವನೆಂದು ಲೋಕ ಅವನನ್ನು ಬಲ್ಲದು. ಆದರೆ ಆ ಮಹಾಲೇಖಕನು ತನ್ನ ಮನೆಯ ನೆಲದ ಮೇಲೆ ಮೊಣಕಾಲೂರಿ ಕುಳಿತು, ಮರದ ತುಂಡು, ರಟ್ಟು, ಗಿಡದ ಕಡ್ಡಿಗಳಿಂದ ಪುಟ್ಟ ನಗರಗಳನ್ನೂ ದ್ವೀಪಗಳನ್ನೂ ಕಟ್ಟುತ್ತಿದ್ದನೆಂಬ ಸಂಗತಿ ಎಲ್ಲರಿಗೂ ತಿಳಿದುದಲ್ಲ. ಮನೆ, ಮರ, ಬೆಟ್ಟ, ಜನರನ್ನು ಕಿರಿದಾದ ಅಳತೆಯಲ್ಲಿ ಮಾಡಿ, ಒಂದು ದೃಶ್ಯವಾಗಿ ಜೋಡಿಸುವ ಈ ಕಲೆ ಇಂದು ಅನೇಕ ದೇಶಗಳಲ್ಲಿ ಮಕ್ಕಳಿಗೂ ಹಿರಿಯರಿಗೂ ಪ್ರಿಯವಾದ ಹವ್ಯಾಸವಾಗಿದೆ. ಅದಕ್ಕೆ ಹೆಚ್ಚು ಹಣ ಬೇಕಿಲ್ಲ, ಕಣ್ಣು, ಕೈ ಮತ್ತು ಕಲ್ಪನೆ ಬೇಕು ಎಂಬುದನ್ನು ವೆಲ್ಸನು ತನ್ನ ಬಾಳಿನಿಂದಲೇ ಅರಿತಿದ್ದನು.

ವೆಲ್ಸನು ಹುಟ್ಟಿದ್ದು 1866ನೆಯ ಇಸವಿ ಸೆಪ್ಟೆಂಬರ್ 21ರಂದು, ಲಂಡನ್ನಿಗೆ ಸಮೀಪದ ಬ್ರಾಮ್ಲಿ ಎಂಬ ಊರಿನಲ್ಲಿ. ತಂದೆ ಜೋಸೆಫ್ ವೆಲ್ಸ್ ಅಲ್ಲಿ ಒಂದು ಚಿಕ್ಕ ಅಂಗಡಿಯನ್ನಿಟ್ಟಿದ್ದನು. ಪಿಂಗಾಣಿ ಪಾತ್ರೆಗಳೂ ಕ್ರಿಕೆಟ್ ಆಟದ ಸಾಮಾನುಗಳೂ ಅಲ್ಲಿ ಮಾರಾಟಕ್ಕಿದ್ದವು. ಅಂಗಡಿಯ ಆದಾಯ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಜೋಸೆಫನು ಒಳ್ಳೆಯ ಕ್ರಿಕೆಟ್ ಆಟಗಾರನಾಗಿದ್ದುದರಿಂದ ಆಟದಿಂದ ಬರುವ ಅಲ್ಪ ಸಂಪಾದನೆಯೂ ಮನೆಗೆ ಆಧಾರವಾಗಿತ್ತು. ತಾಯಿ ಸಾರಾ ಮದುವೆಗೆ ಮೊದಲು ಶ್ರೀಮಂತರ ಮನೆಯಲ್ಲಿ ಸೇವಕಿಯಾಗಿದ್ದವಳು. ಇಂತಹ ಮನೆಯಲ್ಲಿ ಮಕ್ಕಳಿಗೆ ಬೆಲೆಬಾಳುವ ಆಟಿಕೆಗಳು ದೊರೆಯುವುದು ಸಾಧ್ಯವಿರಲಿಲ್ಲ.

1874ರಲ್ಲಿ ಒಂದು ಅವಘಡ ಸಂಭವಿಸಿತು. ಆಟವಾಡುತ್ತಿದ್ದ ಬಾಲಕ ವೆಲ್ಸನು ಬಿದ್ದು ಕಾಲು ಮುರಿದುಕೊಂಡನು. ವಾರಗಟ್ಟಲೆ ಹಾಸಿಗೆಯಲ್ಲಿಯೇ ಮಲಗಿರಬೇಕಾಯಿತು. ಆಗ ತಂದೆ ಊರಿನ ಗ್ರಂಥಾಲಯದಿಂದ ಪುಸ್ತಕಗಳನ್ನು ತಂದುಕೊಡತೊಡಗಿದನು. ದೂರದ ದೇಶಗಳು, ಪ್ರಾಣಿಗಳು, ಹಿಂದಿನ ಕಾಲದ ಯುದ್ಧಗಳು ಪುಟಪುಟಗಳಲ್ಲಿ ಅವನ ಕಣ್ಣಮುಂದೆ ತೆರೆದುಕೊಂಡವು. ಹಾಸಿಗೆಯಿಂದ ಏಳುವ ಹೊತ್ತಿಗೆ ಅವನು ಓದಿನ ರುಚಿ ಹತ್ತಿದ ಹುಡುಗನಾಗಿದ್ದನು. ಮುರಿದ ಕಾಲು ತನ್ನ ಭಾಗ್ಯದ ಬಾಗಿಲನ್ನು ತೆರೆಯಿತೆಂದು ಅವನು ಮುಂದೆ ನೆನೆಯುತ್ತಿದ್ದನು.

ಮೂರು ವರ್ಷಗಳ ಅನಂತರ ತಂದೆಯೂ ಬಿದ್ದು ತೊಡೆಯ ಮೂಳೆ ಮುರಿದುಕೊಂಡನು. ಅದರೊಂದಿಗೆ ಕ್ರಿಕೆಟ್ಟಿನ ಸಂಪಾದನೆ ನಿಂತುಹೋಯಿತು. 1880ರಲ್ಲಿ ತಾಯಿ ಅಪ್‌ಪಾರ್ಕ್ ಎಂಬ ದೊಡ್ಡ ಬಂಗಲೆಯಲ್ಲಿ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ರಜೆಯ ದಿನಗಳಲ್ಲಿ ಅಲ್ಲಿಗೆ ಹೋಗುತ್ತಿದ್ದ ವೆಲ್ಸನಿಗೆ ಆ ಬಂಗಲೆ ಎರಡನೆಯ ಶಾಲೆಯಾಯಿತು. ಅಲ್ಲಿನ ಪುಸ್ತಕಗಳನ್ನು ಅವನು ಆಸೆಯಿಂದ ಓದಿದನು. ಮೂಲೆಯಲ್ಲಿ ಬಿಚ್ಚಿಬಿದ್ದಿದ್ದ ಹಳೆಯ ದೂರದರ್ಶಕವೊಂದರ ಭಾಗಗಳನ್ನು ತಾನೇ ಜೋಡಿಸಿ, ರಾತ್ರಿಯ ಹೊತ್ತು ಚಂದ್ರನನ್ನು ನೋಡಿದನು. ಒಂದು ಚಳಿಗಾಲದಲ್ಲಿ ಹಿಮ ಸುರಿದು ಹೊರಗೆ ಹೋಗಲಾಗದಿದ್ದಾಗ, ತಾಯಿಯ ಕೋಣೆಯಲ್ಲಿಯೇ ಒಂದು ಪುಟ್ಟ ರಂಗಮಂದಿರವನ್ನು ರಚಿಸಿ, ಮನೆಯ ಸೇವಕಿಯರಿಗೆ ನೆರಳಿನಾಟವನ್ನು ಆಡಿ ತೋರಿಸಿದನು. ಕೈಗೆ ಸಿಕ್ಕ ಅಲ್ಪ ವಸ್ತುಗಳಿಂದ ಒಂದು ಲೋಕವನ್ನೇ ಹುಟ್ಟಿಸುವ ಕೌಶಲ ಆಗಲೇ ಅವನಲ್ಲಿ ಕಾಣಿಸಿಕೊಂಡಿತ್ತು.

ಆದರೆ ಬಡತನ ಅವನನ್ನು ಓದಿಗೆ ಬಿಡಲಿಲ್ಲ. 1881ರಲ್ಲಿ ಸೌತ್‌ಸೀ ಎಂಬ ಪಟ್ಟಣದ ಜವಳಿ ಅಂಗಡಿಯೊಂದಕ್ಕೆ ಅವನನ್ನು ಕೆಲಸ ಕಲಿಯಲು ಸೇರಿಸಲಾಯಿತು. ದಿನಕ್ಕೆ ಸುಮಾರು ಹದಿಮೂರು ಗಂಟೆಗಳ ದುಡಿಮೆ. ಬಟ್ಟೆ ಮಡಿಸುವುದು, ಪೊಟ್ಟಣ ಕಟ್ಟುವುದು, ಮೇಲಿನವರ ಗದರಿಕೆ ಕೇಳುವುದು, ಇದೇ ನಿತ್ಯದ ಬಾಳಾಯಿತು. ಎರಡು ವರ್ಷ ಸಹಿಸಿದ ಮೇಲೆ, ಒಂದು ಭಾನುವಾರ ಬೆಳಗ್ಗೆ ಅವನು ಹಸಿದ ಹೊಟ್ಟೆಯಲ್ಲಿಯೇ ಹದಿನೇಳು ಮೈಲಿ ನಡೆದು ಅಪ್‌ಪಾರ್ಕಿಗೆ ಹೋದನು. ಆ ಕೆಲಸದಲ್ಲಿ ತಾನು ಮುಂದುವರಿಯಲಾರೆನೆಂದು ತಾಯಿಯ ಮುಂದೆ ನಿಂತು ತಿಳಿಸಿದನು. ಕಷ್ಟಪಟ್ಟು ಹಣ ಕಟ್ಟಿ ಮಗನನ್ನು ಅಂಗಡಿಗೆ ಸೇರಿಸಿದ್ದ ತಾಯಿಗೆ ಅದನ್ನು ಒಪ್ಪುವುದು ಸುಲಭವಾಗಿರಲಿಲ್ಲ. ಕೊನೆಗೆ ಮಗನ ಹಟವೇ ಗೆದ್ದಿತು. ಮಿಡ್‌ಹರ್ಸ್ಟ್ ಊರಿನ ಶಾಲೆಯಲ್ಲಿ ಕಲಿಯುತ್ತ ಕಲಿಸುವ ಕೆಲಸ ದೊರೆಯಿತು. 1884ರಲ್ಲಿ ವಾರಕ್ಕೆ ಒಂದು ಗಿನಿಯ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ವಿಜ್ಞಾನಶಾಲೆಯನ್ನು ಸೇರಿದನು. ಅಲ್ಲಿ ಪ್ರಸಿದ್ಧ ಜೀವವಿಜ್ಞಾನಿ ತಾಮಸ್ ಹೆನ್ರಿ ಹಕ್ಸ್‌ಲಿಯ ಶಿಷ್ಯನಾಗುವ ಸೌಭಾಗ್ಯ ಅವನದಾಯಿತು.

ಕೆಲಕಾಲ ಉಪಾಧ್ಯಾಯನಾಗಿದ್ದ ವೆಲ್ಸನು ಅನಾರೋಗ್ಯದಿಂದಾಗಿ ಬರವಣಿಗೆಯತ್ತ ಹೊರಳಿದನು. 1895ರಲ್ಲಿ ಕಾಲಯಂತ್ರದ ಕಾದಂಬರಿಯೂ, 1898ರಲ್ಲಿ ಮಂಗಳಗ್ರಹದವರ ದಾಳಿಯ ಕಾದಂಬರಿಯೂ ಪ್ರಕಟವಾದವು. ಅವನ ಕೀರ್ತಿ ಹಬ್ಬಿತು, ಬಡತನ ಕಳೆಯಿತು. ಇಂಗ್ಲೆಂಡಿನ ದಕ್ಷಿಣ ತೀರದ ಸ್ಯಾಂಡ್‌ಗೇಟಿನಲ್ಲಿ ಸಮುದ್ರಕ್ಕೆ ಎದುರಾಗಿ ಒಂದು ಮನೆಯನ್ನು ಕಟ್ಟಿಸಿದನು. ಪತ್ನಿ ಆಮಿ ಕ್ಯಾಥರೀನಳಲ್ಲಿ 1901ರಲ್ಲಿ ಜಾರ್ಜ್ ಫಿಲಿಪ್ ಎಂಬ ಮಗನೂ, 1903ರಲ್ಲಿ ಫ್ರಾಂಕ್ ಎಂಬ ಮಗನೂ ಹುಟ್ಟಿದರು. ತನಗೆ ಬಾಲ್ಯದಲ್ಲಿ ದೊರೆಯದಿದ್ದ ಸುಖವನ್ನು ಮಕ್ಕಳಿಗೆ ಕೊಡಬೇಕೆಂಬುದು ತಂದೆಯಾದವನ ಸಹಜವಾದ ಆಸೆ. ವೆಲ್ಸನಿಗೆ ಅದು ಆಟಿಕೆಗಳನ್ನು ಕೊಂಡು ತಂದು ಸುರಿಯುವುದಾಗಿರಲಿಲ್ಲ. ಮಕ್ಕಳೊಡನೆ ನೆಲದ ಮೇಲೆ ಕುಳಿತು ಕಟ್ಟುವುದಾಗಿತ್ತು.

ಈ ಆಟಗಳನ್ನು ಅವನು 1911ರಲ್ಲಿ ನೆಲದ ಆಟಗಳನ್ನು ಕುರಿತ ಒಂದು ಚಿಕ್ಕ ಪುಸ್ತಕದಲ್ಲಿ ವಿವರಿಸಿದನು. ಅದರಂತೆ ಆಟಕ್ಕೆ ಮೊದಲು ಬೇಕಾದುದು ಒಳ್ಳೆಯ ನೆಲ. ಅದು ಸಮತಟ್ಟಾಗಿರಬೇಕು, ಸೀಮೆಸುಣ್ಣದಿಂದ ಗೆರೆ ಎಳೆಯಲು ಬರಬೇಕು, ಜನರು ತುಳಿದಾಡುವ ದಾರಿಯಲ್ಲಿರಬಾರದು. ಅನಂತರ ಬೇಕಾದುವು ನಾಲ್ಕು ಬಗೆಯ ಸಾಮಗ್ರಿಗಳು: ಬೊಂಬೆ ಸೈನಿಕರು ಮತ್ತು ಜನರು, ಮರದ ಇಟ್ಟಿಗೆಗಳು, ಹಲಗೆಗಳು, ಕೀಲಿಕೊಟ್ಟು ಓಡಿಸುವ ರೈಲು ಮತ್ತು ಅದರ ಹಳಿಗಳು. ರೈಲಿನ ಹಳಿಗಳೆಲ್ಲ ಒಂದೇ ಅಗಲದವಾಗಿರಬೇಕೆಂದು ಅವನು ಎಚ್ಚರಿಸುತ್ತಾನೆ. ಇಂದು ಕೊಂಡುದಕ್ಕೆ ನಾಳೆ ಕೊಂಡುದು ಕೂಡಿಕೊಳ್ಳದಿದ್ದರೆ ಎರಡೂ ವ್ಯರ್ಥವಲ್ಲವೆ?

ಇಟ್ಟಿಗೆಗಳ ಅಳತೆಯಲ್ಲಿ ಒಂದು ಸರಳ ಲೆಕ್ಕವಿತ್ತು. ಪೂರ್ಣ ಇಟ್ಟಿಗೆಯ ಉದ್ದ ನಾಲ್ಕೂವರೆ ಅಂಗುಲ. ಅಗಲ ಉದ್ದದ ಅರ್ಧ, ದಪ್ಪ ಅಗಲದ ಅರ್ಧ. ಆದ್ದರಿಂದ ಯಾವ ಬದಿಯನ್ನು ಕೆಳಗೆ ಮಾಡಿ ಇಟ್ಟರೂ ಒಂದಕ್ಕೊಂದು ಹೊಂದಿಕೊಳ್ಳುತ್ತಿತ್ತು. ಸೀಸದ ಸೈನಿಕನ ಎತ್ತರ ಸುಮಾರು ಎರಡು ಅಂಗುಲ. ಇಟ್ಟಿಗೆಯೊಂದನ್ನು ನೆಟ್ಟಗೆ ನಿಲ್ಲಿಸಿದರೆ ಅವನಿಗೆ ಎರಡಾಳೆತ್ತರದ ಗೋಡೆ ಸಿದ್ಧವಾಯಿತು. ಆ ಸೈನಿಕರು ಸಾಮಾನ್ಯರ ಕೈಗೆಟುಕುವಂತಾದುದಕ್ಕೂ ಒಂದು ಕಾರಣವುಂಟು. 1893ರಲ್ಲಿ ವಿಲಿಯಂ ಬ್ರಿಟನ್ ಎಂಬವನ ಸಂಸ್ಥೆ ಬೊಂಬೆಗಳನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯುವ ವಿಧಾನವನ್ನು ಬಳಕೆಗೆ ತಂದಿತು. ಸೀಸ ಕಡಿಮೆಯಾಯಿತು, ಬೆಲೆಯೂ ಇಳಿಯಿತು.

ಮಿಕ್ಕ ವಸ್ತುಗಳಿಗೆ ಅಂಗಡಿಗೆ ಹೋಗಬೇಕಾದ ಅಗತ್ಯವಿರಲಿಲ್ಲ. ಸಾಮಾನು ಸುತ್ತಿ ಬಂದ ಸುಕ್ಕುಗಾಗದ ಮನೆಗಳ ಛಾವಣಿಯಾಗುತ್ತಿತ್ತು. ತೋಟದಿಂದ ಮುರಿದು ತಂದ ಎಲೆಗಡ್ಡಿಗಳು ಕಾಡಾಗುತ್ತಿದ್ದವು. ಮೆದುವಾದ ಬಣ್ಣದ ಮೇಣದಂತಹ ಮಣ್ಣಿನಿಂದ ಅಂಗಡಿಯಲ್ಲಿ ಸಿಗದ ಬೊಂಬೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಒಂದು ದಿನ ನೆಲವೇ ಸಮುದ್ರ, ಹಲಗೆಗಳೇ ದ್ವೀಪಗಳು. ಹಡಗುಗಳು ದ್ವೀಪದಿಂದ ದ್ವೀಪಕ್ಕೆ ಹೋಗಿ ಹೊಸ ನಾಡುಗಳನ್ನು ಕಂಡುಹಿಡಿಯುತ್ತಿದ್ದವು. ಇನ್ನೊಂದು ದಿನ ಅದೇ ಹಲಗೆ, ಅದೇ ಇಟ್ಟಿಗೆಗಳಿಂದ ನಗರ ಏಳುತ್ತಿತ್ತು. ಇಬ್ಬರು ಹುಡುಗರಿಗೂ ನಗರಾಧ್ಯಕ್ಷರಾಗುವ ಆಸೆ. ಆದುದರಿಂದ ಯಾವಾಗಲೂ ಜೋಡಿ ನಗರವನ್ನೇ ಕಟ್ಟಬೇಕಾಗುತ್ತಿತ್ತು. ಪುರಭವನ, ರೈಲು ನಿಲ್ದಾಣ, ವಸ್ತುಸಂಗ್ರಹಾಲಯ, ಮೃಗಾಲಯ ಎಲ್ಲವೂ ಆ ನಗರಗಳಲ್ಲಿದ್ದವು. ಅಂಗಡಿಗಳಲ್ಲಿ ಸೈನಿಕರ ಬೊಂಬೆಗಳು ರಾಶಿ ರಾಶಿಯಾಗಿ ಸಿಗುತ್ತವೆ, ಸಾಮಾನ್ಯ ನಾಗರಿಕರ ಬೊಂಬೆಗಳು ಮಾತ್ರ ಹುಡುಕಿದರೂ ಸಿಗುವುದಿಲ್ಲ ಎಂಬುದು ವೆಲ್ಸನ ದೂರಾಗಿತ್ತು. ನಗರವೆಂದರೆ ಸೈನ್ಯವಷ್ಟೇ ಅಲ್ಲವಲ್ಲ!

ಕಟ್ಟಿದುದು ಕೆಲವು ದಿನ ನಿಂತು, ಅನಂತರ ಬಿಚ್ಚಿ ಪೆಟ್ಟಿಗೆಯನ್ನು ಸೇರುತ್ತಿತ್ತು. ಮರುದಿನ ಹೊಸದೊಂದು ನಾಡು ಅದೇ ತುಂಡುಗಳಿಂದ ಮೂಡುತ್ತಿತ್ತು. ಇಂತಹ ಆಟದಲ್ಲಿ ಬೆಳೆದ ಮನಸ್ಸು ದೊಡ್ಡದಾದ ಮೇಲೆಯೂ ವಿಶಾಲವಾಗಿ ಯೋಚಿಸಬಲ್ಲದೆಂದು ವೆಲ್ಸನು ನಂಬಿದ್ದನು. ನಗರವನ್ನು ಕೈಯಾರೆ ಕಟ್ಟಿ ನೋಡಿದ ಹುಡುಗನಿಗೆ, ನಿಜವಾದ ನಗರವೂ ಮನುಷ್ಯರು ಕಟ್ಟಿದುದೇ, ಅದನ್ನು ಇನ್ನೂ ಚೆನ್ನಾಗಿ ಕಟ್ಟಬಹುದು ಎಂಬ ಅರಿವು ಮೂಡುತ್ತದೆ.

1913ರಲ್ಲಿ ವೆಲ್ಸನು ಬೊಂಬೆ ಯುದ್ಧಗಳನ್ನು ಕುರಿತ ಇನ್ನೊಂದು ಪುಸ್ತಕವನ್ನು ಪ್ರಕಟಿಸಿದನು. ಈ ಆಟದಲ್ಲಿ ದೊಡ್ಡವರೂ ಪಾಲುಗೊಳ್ಳುತ್ತಿದ್ದರು. ಆರಂಭದಲ್ಲಿ ವಿಶ್ವಕೋಶದ ಸಂಪುಟಗಳೇ ಅವರ ಮನೆಗಳಾಗಿದ್ದವು. ಬರಬರುತ್ತ ರಟ್ಟಿನ ಮನೆಗಳು, ಹಲಗೆಯ ರಂಧ್ರಗಳಲ್ಲಿ ನೆಟ್ಟ ಕಡ್ಡಿಗಳ ಕಾಡುಗಳು ರಣರಂಗವನ್ನು ತುಂಬಿದವು. ಒಂದು ಸರದಿಯಲ್ಲಿ ಕಾಲಾಳು ಒಂದು ಅಡಿ, ಕುದುರೆಸವಾರ ಎರಡು ಅಡಿ ಮುಂದೆ ಹೋಗಬಹುದು. ಸ್ಪ್ರಿಂಗಿನ ಪುಟ್ಟ ಫಿರಂಗಿ ಮರದ ಗುಂಡನ್ನು ಹಾರಿಸುತ್ತಿತ್ತು. ಗಡಿಯಾರ ನೋಡಿ ಪ್ರತಿ ಸರದಿಯ ಕಾಲವನ್ನು ಅಳೆಯುತ್ತಿದ್ದರು. ಆಟ ಮುಗಿದ ಮೇಲೆ ಸತ್ತ ಸೈನಿಕರೆಲ್ಲ ಎದ್ದು ಪೆಟ್ಟಿಗೆಗೆ ಹಿಂದಿರುಗುತ್ತಿದ್ದರು.

ಆದರೆ ವೆಲ್ಸನು ಯುದ್ಧಪ್ರಿಯನಾಗಿರಲಿಲ್ಲ. ಯುದ್ಧ ಮಾಡಬೇಕೆಂದು ಹಂಬಲಿಸುವವರೆಲ್ಲ ಈ ಬೊಂಬೆಗಳಿಂದಲೇ ತೃಪ್ತಿಪಟ್ಟುಕೊಳ್ಳಲಿ ಎಂಬುದು ಆ ಪುಸ್ತಕದ ಕೊನೆಯಲ್ಲಿ ಅವನು ಹೇಳಿದ ಮಾತಿನ ಸಾರ. ನೆಲದ ಮೇಲಿನ ಸಣ್ಣ ಯುದ್ಧದಲ್ಲಿಯೇ ಜಾಣ ಸೇನಾಪತಿಗಳು ಹೆಜ್ಜೆ ಹೆಜ್ಜೆಗೆ ಎಡವುತ್ತಾರೆ. ಹಾಗಾದರೆ ನಿಜವಾದ ಯುದ್ಧ ಎಷ್ಟು ದೊಡ್ಡ ಎಡವಟ್ಟಾಗಬಹುದೆಂದು ಅವನು ಓದುಗರಿಗೆ ಎಚ್ಚರಿಕೆ ಕೊಟ್ಟನು.

ಲೋಕ ಆ ಎಚ್ಚರಿಕೆಗೆ ಕಿವಿಗೊಡಲಿಲ್ಲ. ಪುಸ್ತಕ ಬಂದ ಮರುವರ್ಷವೇ, 1914ರ ಬೇಸಗೆಯಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾಯಿತು. ಈ ಯುದ್ಧವೇ ಎಲ್ಲ ಯುದ್ಧಗಳಿಗೂ ಅಂತ್ಯ ಹಾಡೀತೆಂದು ವೆಲ್ಸನು ನಂಬಿ, ಹಾಗೆಂದು ಬರೆದನು. ಆ ನಂಬಿಕೆ ಸುಳ್ಳಾಯಿತು. ನಾಲ್ಕು ವರ್ಷಗಳಲ್ಲಿ ಲಕ್ಷಾಂತರ ಯುವಕರು ಮಡಿದರು. ಅವರು ಸೀಸದ ಸೈನಿಕರಂತೆ ಮತ್ತೆ ಎದ್ದು ನಿಲ್ಲಲಿಲ್ಲ. ಅಲ್ಲಿಂದ ಮುಂದೆ ದೇಶದೇಶಗಳು ಒಂದುಗೂಡಬೇಕೆಂಬುದೇ ವೆಲ್ಸನ ಬರವಣಿಗೆಯ ಮುಖ್ಯ ಗುರಿಯಾಯಿತು. ಯಾವುದೋ ಒಂದು ದೇಶದ ಹಿರಿಮೆಯನ್ನು ಹೊಗಳದೆ, ಇಡೀ ಮಾನವಕುಲದ ಕಥೆಯನ್ನು ಒಂದೇ ಕಥೆಯಾಗಿ ಹೇಳುವ ಚರಿತ್ರೆಯ ಗ್ರಂಥವೊಂದನ್ನು ಅವನು ರಚಿಸಿದನು.

ನೆಲದ ಆಟಗಳ ಪುಸ್ತಕದಿಂದ ಮಾತ್ರ ಅವನು ಎಣಿಸದಿದ್ದ ಫಲವೊಂದು ದೊರೆಯಿತು. ಲಂಡನ್ನಿನಲ್ಲಿ ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ವೈದ್ಯೆ ಇದ್ದಳು. ಮಹಾಯುದ್ಧ ಮುಗಿದ ಮೇಲೆ ಪೋಲೆಂಡಿನಲ್ಲಿ ಸೇವೆ ಸಲ್ಲಿಸಿ, ಯುದ್ಧದಿಂದ ನೊಂದವರ ಪಾಡನ್ನು ಅವಳು ಕಣ್ಣಾರೆ ಕಂಡಿದ್ದಳು. 1928ರಲ್ಲಿ ಮನಸ್ಸು ನೊಂದ ಮಕ್ಕಳಿಗಾಗಿ ಲಂಡನ್ನಿನಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆದಳು. ತಮ್ಮ ದುಃಖವನ್ನು ಮಾತಿನಲ್ಲಿ ಹೇಳಲಾಗದ ಆ ಮಕ್ಕಳನ್ನು ಅರಿಯುವುದು ಹೇಗೆಂದು ಯೋಚಿಸುತ್ತಿದ್ದಾಗ, ಹಿಂದೆ ಓದಿದ್ದ ವೆಲ್ಸನ ಪುಸ್ತಕ ಅವಳಿಗೆ ನೆನಪಾಯಿತು. ಪುಟ್ಟ ಮನೆ, ಮರ, ಪ್ರಾಣಿ, ಮನುಷ್ಯರ ಬೊಂಬೆಗಳನ್ನು ಸಂಗ್ರಹಿಸಿಟ್ಟಳು. ಜೊತೆಗೆ ಮರಳು ತುಂಬಿದ ಸತುವಿನ ತಟ್ಟೆಯೂ ಇತ್ತು. ಮಕ್ಕಳು ಬೊಂಬೆಗಳನ್ನು ತಟ್ಟೆಯ ಮರಳಿನಲ್ಲಿ ಜೋಡಿಸಿ ತಮ್ಮ ಲೋಕಗಳನ್ನು ಕಟ್ಟಿದರು. ನಾಲಗೆ ಹೇಳದುದನ್ನು ಕೈಗಳು ತೋರಿಸಿದವು. ಈ ವಿಧಾನ ಮುಂದೆ ಬೇರೆ ದೇಶಗಳಿಗೂ ಹರಡಿತು.

ವೆಲ್ಸನ ಹಿರಿಯ ಮಗ, ನೆಲದ ನಗರದ ಅಧ್ಯಕ್ಷನಾಗಿದ್ದ ಜಾರ್ಜ್ ಫಿಲಿಪ್, ಬೆಳೆದು ಪ್ರಾಣಿವಿಜ್ಞಾನಿಯಾದನು. ತಂದೆಯೊಡನೆಯೂ, ಹಕ್ಸ್‌ಲಿಯ ಮೊಮ್ಮಗ ಜೂಲಿಯನನೊಡನೆಯೂ ಸೇರಿ ಜೀವವಿಜ್ಞಾನದ ಬೃಹದ್‌ಗ್ರಂಥವೊಂದನ್ನು ರಚಿಸಿದನು. 1936ರಲ್ಲಿ ವೆಲ್ಸನ ಕಥೆಯನ್ನು ಆಧರಿಸಿದ ಚಲನಚಿತ್ರವೊಂದು ತೆರೆಗೆ ಬಂದಾಗ, ಭವಿಷ್ಯದ ನಗರವನ್ನು ತೋರಿಸಲು ಚಿತ್ರ ತಯಾರಕರು ಕಿರುಮಾದರಿಗಳನ್ನೇ ಬಳಸಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗಲೂ ವೃದ್ಧನಾದ ವೆಲ್ಸನು ನಗರವನ್ನು ಬಿಟ್ಟು ಹೋಗಲಿಲ್ಲ. ತಾನು 1914ರ ಕಾದಂಬರಿಯಲ್ಲಿ ಕಲ್ಪಿಸಿದ್ದ ಅಣುಬಾಂಬು 1945ರಲ್ಲಿ ಹಿರೋಷಿಮಾ ನಗರವನ್ನು ಸುಟ್ಟ ಸುದ್ದಿಯನ್ನು ಕೇಳುವ ದುರ್ದಿನವೂ ಅವನಿಗೆ ಬಂದಿತು. ಮರುವರ್ಷ, 1946ರ ಆಗಸ್ಟ್ 13ರಂದು, ಅವನು ಲಂಡನ್ನಿನಲ್ಲಿ ಕಣ್ಮುಚ್ಚಿದನು.

ವೆಲ್ಸನ ಕನಸುಗಳಲ್ಲಿ ಹಲವು ಕನಸಾಗಿಯೇ ಉಳಿದವು. ಯುದ್ಧಗಳು ಬೊಂಬೆಗಳ ಪೆಟ್ಟಿಗೆಯಲ್ಲಿ ಅಡಗಲಿಲ್ಲ. ಆದರೂ ಒಂದು ಹಿಡಿ ಮರದ ತುಂಡು, ಒಂದಿಷ್ಟು ರಟ್ಟು, ಕೆಲವು ಕಡ್ಡಿಗಳಿಂದ ನೆಲದ ಮೇಲೆ ಮೂಡುವ ಊರನ್ನು ಕೇವಲ ಆಟವೆಂದು ಕಡೆಗಣಿಸಲಾಗದೆಂಬುದನ್ನು ಅವನು ತೋರಿಸಿಕೊಟ್ಟನು. ಅದನ್ನು ಕಟ್ಟುವ ಮಗು ನೋಡುವುದನ್ನು ಕಲಿಯುತ್ತದೆ, ಅಳೆಯುವುದನ್ನು ಕಲಿಯುತ್ತದೆ, ಇನ್ನೊಬ್ಬರೊಡನೆ ಜಾಗವನ್ನು ಹಂಚಿಕೊಳ್ಳುವುದನ್ನು ಕಲಿಯುತ್ತದೆ. ಕೆಡಿಸುವುದಕ್ಕಿಂತ ಕಟ್ಟುವುದರಲ್ಲಿ ಹೆಚ್ಚಿನ ಆನಂದವಿದೆಯೆಂಬುದನ್ನೂ ಅದು ತಾನಾಗಿಯೇ ಕಂಡುಕೊಳ್ಳುತ್ತದೆ.