ಛಲವೊಂದಿದ್ದರೆ ಸಾಕೇ? ಗಳಗನಾಥರ ಪುಸ್ತಕದ ಗಂಟು ಹೇಳುವುದೇನು

ಹುಟ್ಟಾ ಪ್ರತಿಭೆ ಇದ್ದವರು ಮಾತ್ರ ದೊಡ್ಡದನ್ನು ಸಾಧಿಸುತ್ತಾರೆ ಎಂಬುದು ಒಂದು ನಂಬಿಕೆ. ಛಲ ಹಿಡಿದರೆ ಏನು ಬೇಕಾದರೂ ಆಗುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಒರೆಗೆ ಹಚ್ಚಲು ನಾವು ಹಾವೇರಿ ಸೀಮೆಯ ಒಬ್ಬ ಶಾಲಾ ಮಾಸ್ತರರ ಬದುಕನ್ನು ಆರಿಸಿಕೊಂಡಿದ್ದೇವೆ.

ವೆಂಕಟೇಶ ತಿರಕೋ ಕುಲಕರ್ಣಿ ಹುಟ್ಟಿದ್ದು 1869ರಲ್ಲಿ, ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥದಲ್ಲಿ. ಮುಂದೆ ಊರಿನ ಹೆಸರೇ ಅವರ ಹೆಸರಾಯಿತು. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲವೂ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಓದುಬರಹ ಬಲ್ಲವರಲ್ಲಿ ಮರಾಠಿಯದೇ ಮೇಲುಗೈ. ಹಾಗಾಗಿ ಕನ್ನಡದಲ್ಲಿ ಕಾದಂಬರಿ ಬರೆಯಹೊರಟವರ ಮುಂದೆ ಎರಡು ಕೆಲಸಗಳಿದ್ದವು: ಪುಸ್ತಕ ಬರೆಯುವುದು, ಅದಕ್ಕೆ ಓದುಗರನ್ನು ಹುಟ್ಟಿಸುವುದು. ಎರಡನೆಯದೇ ಹೆಚ್ಚು ಕಷ್ಟದ್ದು ಎಂದು ನಮಗನಿಸುತ್ತದೆ.

ಮಾಸ್ತರಿಕೆಯ ಜೊತೆಗೇ ಗಳಗನಾಥರು ಬರೆಯತೊಡಗಿದರು. ಹಾವೇರಿ ಬಳಿಯ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಬೆಳೆಸಿದರು. ಅಚ್ಚಾದ ಪುಸ್ತಕಗಳನ್ನು ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಊರೂರು ತಿರುಗಿ ಮಾರಿದರು. ಲೇಖಕರೇ ಹೊರೆಯಾಳಾದ ಈ ಚಿತ್ರ ಉತ್ತರ ಕರ್ನಾಟಕದವರ ನೆನಪಿನಲ್ಲಿ ಇಂದಿಗೂ ಉಳಿದಿದೆ.

ಈಗ ವಿಜ್ಞಾನಕ್ಕೆ ಬರೋಣ. ಬಹುಕಾಲದ ಗುರಿಯೊಂದರ ಮೇಲಿನ ಹಂಬಲ ಮತ್ತು ಬಿಡದ ಪ್ರಯತ್ನ, ಇವೆರಡನ್ನೂ ಸೇರಿಸಿ ಅಳೆಯುವ ಮಾಪನವನ್ನು ಅಮೆರಿಕದ ಮನೋವಿಜ್ಞಾನಿ ಆಂಜೆಲಾ ಡಕ್‌ವರ್ತ್ ಮತ್ತು ಸಂಗಡಿಗರು 2007ರಲ್ಲಿ ಮುಂದಿಟ್ಟರು. ಅದು ಬೇಗನೆ ಜನಪ್ರಿಯವೂ ಆಯಿತು. ಆದರೆ 66 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದರಲ್ಲಿ, ಈ ಗುಣಕ್ಕೂ ಸಾಧನೆಗೂ ಇರುವ ನಂಟು ಸಾಧಾರಣವಾದದ್ದು ಎಂದು ಕಂಡಿತು. ಆಸಕ್ತಿ ಬದಲಾಗದೆ ಉಳಿಯುವುದಕ್ಕಿಂತ, ಪ್ರಯತ್ನ ನಿಲ್ಲದಿರುವುದೇ ಸಾಧನೆಯೊಂದಿಗೆ ಹೆಚ್ಚು ಹೊಂದಿಕೊಂಡಿತ್ತು.

ಗಳಗನಾಥರ ವಿಷಯದಲ್ಲೂ ಛಲವೊಂದೇ ಎಲ್ಲವನ್ನೂ ಮಾಡಲಿಲ್ಲ. ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆಶ್ರಯವಿತ್ತು, ಅಲ್ಲಿಗೆ ಬರುವ ಭಕ್ತರಿದ್ದರು. ಎದುರಿಗೆ ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳಿದ್ದವು. ಅವುಗಳಲ್ಲಿ ಹಲವನ್ನು ಗಳಗನಾಥರು ಕನ್ನಡಕ್ಕೆ ತಂದರು. ಇಷ್ಟನ್ನೂ ಮರೆತು ತಲೆಯ ಮೇಲಿನ ಗಂಟನ್ನಷ್ಟೇ ತೋರಿಸಿದರೆ, ಆಸರೆಯಿಲ್ಲದೆ ಸೋತ ಹುಡುಗನಿಗೆ ನಿನ್ನಲ್ಲಿ ಛಲವಿಲ್ಲ ಎಂದು ಬೈದಂತಾಗುತ್ತದೆ. ಮನೆಗಳಲ್ಲಿ, ಶಾಲೆಗಳಲ್ಲಿ ಇಂಥ ಬೈಗುಳ ಕಡಿಮೆಯೇನಲ್ಲ.

ಹಾಗೆಂದು ಅವರ ದುಡಿಮೆ ಸಣ್ಣದಾಗುವುದಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಕೊಟ್ಟರು. ಅನುವಾದದಲ್ಲಿ ಪಳಗಿದ ಕೈಯೇ ವಿಜಯನಗರದ ಸ್ಥಾಪನೆಯ ಕಥೆಯಾದ ‘ಮಾಧವ ಕರುಣಾ ವಿಲಾಸ’ವನ್ನು ಸ್ವತಂತ್ರವಾಗಿ ಬರೆಯಿತು. ಅದು ಪ್ರಕಟವಾದದ್ದು 1923ರಲ್ಲಿ, ಅವರಿಗೆ ಐವತ್ತು ದಾಟಿದ ಮೇಲೆ. 1942ರಲ್ಲಿ ಅವರು ತೀರಿಕೊಂಡಾಗ, ಕೊಂಡು ಓದುವವರಿಗಾಗಿ ಕನ್ನಡ ಕಾದಂಬರಿ ಊರೂರು ಅಲೆಯಬೇಕಾದ ಕಾಲ ಹಿಂದೆ ಸರಿಯತೊಡಗಿತ್ತು.